ಸವಳು ನೀರಿನ ಊರಿನಲ್ಲಿ ತಲೆ ಎರೆದುಕೊಳ್ಳಲು ಯಾವುದು ಸೂಕ್ತ? ಅಡುಗೆಮನೆಯ ಪದಾರ್ಥಗಳ ಹೋಲಿಕೆ

ವಿಜಯಪುರದ ನಮ್ಮ ಓಣಿಯ ಮನೆಗಳಲ್ಲಿ ಎರಡು ಬಗೆಯ ನೀರು ಬಳಕೆಯಲ್ಲಿದೆ. ಕೊಲ್ಹಾರದ ಕಡೆಯಿಂದ ಬರುವ ಕೃಷ್ಣಾ ನದಿಯ ನಳದ ನೀರು ಒಂದು. ಅದು ಬಾರದ ದಿನಗಳಲ್ಲಿ ಎತ್ತಿಕೊಳ್ಳುವ ಬೋರಿನ ನೀರು ಇನ್ನೊಂದು. ನದಿಯ ನೀರಿನಲ್ಲಿ ತಲೆ ಎರೆದುಕೊಂಡ ದಿನ ಕೂದಲು ಹಗುರವಾಗಿ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಅದೇ ಸೋಪು, ಅದೇ ಎಣ್ಣೆ, ಅದೇ ಕೈ ಇದ್ದರೂ ಬೋರಿನ ನೀರಿನ ದಿನ ಕೂದಲು ನಾರಿನಂತೆ ಬಿರುಸಾಗುತ್ತದೆ, ಬಾಚಣಿಗೆಯ ಹಲ್ಲುಗಳ ನಡುವೆ ಬಿಳಿಯ ಜಿಡ್ಡು ಸೇರಿಕೊಳ್ಳುತ್ತದೆ. ಮನೆಯ ಪದಾರ್ಥಗಳಿಂದ ಕೂದಲಿನ ಆರೈಕೆ ಮಾಡಿಕೊಳ್ಳಬೇಕೆನ್ನುವವರು ಮೆಂತ್ಯವೋ ಮೊಸರೋ ಎಂದು ಚರ್ಚಿಸುವ ಮೊದಲು ತಮ್ಮ ಬಕೀಟಿನಲ್ಲಿರುವ ನೀರು ಯಾವುದೆಂದು ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅರ್ಧದಷ್ಟು ಆಯ್ಕೆ ಅಲ್ಲಿಯೇ ಮುಗಿದಿರುತ್ತದೆ.

ನಾವು ಸವಳು ನೀರು ಎಂದು ಕರೆಯುವುದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅದು ಪುಸ್ತಕದ ಭಾಷೆಯಲ್ಲಿ ಗಡಸು ನೀರು. ಸೋಪು ಈ ಲವಣಗಳೊಡನೆ ಸೇರಿದಾಗ ನೀರಿನಲ್ಲಿ ಕರಗದ ಒಂದು ಮಡ್ಡಿಯಾಗುತ್ತದೆ, ಬಾಚಣಿಗೆಗೆ ಅಂಟುವುದು ಅದೇ. ಭಾರತೀಯ ಮಾನಕ ಸಂಸ್ಥೆಯ ಮಾನದಂಡದ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. ಮನೆಯಲ್ಲಿ ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಂದು ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ, ಮೈಗೆ ಹಚ್ಚುವ ಸೋಪಿನ ಸಣ್ಣ ಚೂರನ್ನು ಹಾಕಿ ಜೋರಾಗಿ ಅಲುಗಾಡಿಸಿರಿ. ಮೇಲೆ ದಪ್ಪ ನೊರೆ, ಕೆಳಗೆ ತಿಳಿ ನೀರು ಉಳಿದರೆ ನೀರು ಮೃದುವಾಗಿದೆ. ನೊರೆ ಕಡಿಮೆಯಾಗಿ ನೀರು ಹಾಲಿನಂತೆ ಕದಡಿದರೆ ಗಡಸಾಗಿದೆ. ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣದಂಥ ಪದರು ಕಟ್ಟಿದ್ದರೆ ಈ ಪರೀಕ್ಷೆಯೂ ಬೇಡ.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನೆತ್ತಿಯಿಂದ ಹೊರಗೆ ಬಂದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ಅದಕ್ಕೆ ನಾವು ಏನನ್ನೂ ಉಣಿಸಲಾರೆವು. ಅಡುಗೆಮನೆಯ ಪದಾರ್ಥಗಳು ಅದನ್ನು ತೊಳೆಯಬಲ್ಲವು, ನುಣುಪಾಗಿಸಬಲ್ಲವು, ಸವೆಯದಂತೆ ಸ್ವಲ್ಪ ಕಾಯಬಲ್ಲವು. ಆದ್ದರಿಂದ ಯಾವ ಪದಾರ್ಥ ಕೂದಲು ಬೆಳೆಸುತ್ತದೆ ಎಂದು ಕೇಳುವುದಕ್ಕಿಂತ, ತೊಳೆಯುವ ಕೆಲಸಕ್ಕೆ ಯಾವುದು, ನುಣುಪಿಗೆ ಯಾವುದು, ಸವೆಯದಂತೆ ಕಾಯುವುದಕ್ಕೆ ಯಾವುದು ಎಂದು ಬೇರೆ ಬೇರೆಯಾಗಿ ಕೇಳಿಕೊಂಡರೆ ಹೋಲಿಕೆ ಸುಲಭವಾಗುತ್ತದೆ.

ತೊಳೆಯುವುದಕ್ಕೆ: ಸೀಗೆಕಾಯಿ, ಅಂಟವಾಳ, ಕಡಲೆ ಹಿಟ್ಟು

ಸೀಗೆಕಾಯಿ ಮತ್ತು ಅಂಟವಾಳದ ಕಾಯಿ ಎರಡರಲ್ಲಿಯೂ ಸಾಪೋನಿನ್ ಎಂಬ ನೊರೆ ಕೊಡುವ ಅಂಶವಿದೆ. ಸೋಪಿನ ಹಾಗೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಮಡ್ಡಿಯಾಗುವುದಿಲ್ಲ. ಬೋರಿನ ನೀರನ್ನೇ ನಂಬಿದ ಮನೆಗಳಿಗೆ ಇವು ಸೋಪಿಗಿಂತ ಸ್ಪಷ್ಟವಾಗಿ ಮೇಲು ಎನ್ನುವುದಕ್ಕೆ ಈ ಒಂದು ಕಾರಣವೇ ಸಾಕು. ಎರಡರ ನಡುವೆ ಆರಿಸಬೇಕಾದರೆ, ಅಂಟವಾಳ ಹೆಚ್ಚು ನೊರೆ ಕೊಟ್ಟು ಜಿಡ್ಡನ್ನು ಬೇಗ ತೆಗೆಯುತ್ತದೆ, ಆದರೆ ಒಣ ಕೂದಲನ್ನು ಇನ್ನಷ್ಟು ಒಣಗಿಸುತ್ತದೆ. ಸೀಗೆಕಾಯಿ ಸೌಮ್ಯ, ನೊರೆ ಕಡಿಮೆ. ವಾರವಿಡೀ ಎಣ್ಣೆ ಹಚ್ಚಿಕೊಂಡು ಜಡೆ ಹಾಕುವವರು ಎರಡು ಪಾಲು ಸೀಗೆಕಾಯಿಗೆ ಒಂದು ಪಾಲು ಅಂಟವಾಳ ಸೇರಿಸಿಕೊಂಡರೆ ಸರಿಹೋಗುತ್ತದೆ. ಎಣ್ಣೆಯ ಅಭ್ಯಾಸವಿಲ್ಲದವರಿಗೆ ಸೀಗೆಕಾಯಿ ಒಂದೇ ಸಾಕು.

ಪುಡಿಯನ್ನು ಕಲಸಿ ನೇರವಾಗಿ ತಲೆಗೆ ಹಚ್ಚುವುದಕ್ಕಿಂತ, ಐದಾರು ಕಾಯಿಗಳನ್ನು ಬೀಜ ತೆಗೆದು ರಾತ್ರಿಯಿಡೀ ಅರ್ಧ ಲೀಟರ್ ನೀರಿನಲ್ಲಿ ನೆನೆಸಿ, ಬೆಳಗ್ಗೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿಕೊಳ್ಳುವ ಹಳೆಯ ಕ್ರಮ ಉತ್ತಮ. ಪುಡಿಯ ಕಣಗಳು ಕೂದಲಿನ ಬುಡದಲ್ಲಿ ಉಳಿದು, ನಮ್ಮ ಒಣ ಹವೆಯಲ್ಲಿ ಮರುದಿನ ಭುಜದ ಮೇಲೆ ಉದುರಿದಾಗ ನೋಡಿದವರು ಹೊಟ್ಟು ಎಂದು ಭಾವಿಸುತ್ತಾರೆ. ಕುದಿಸಿದ ರಸ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿತು ವಾಸನೆ ಬರುವುದರಿಂದ ಒಂದು ಸಲಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಕಣ್ಣಿಗೆ ಬಿದ್ದರೆ ಎರಡೂ ಚೆನ್ನಾಗಿ ಉರಿಯುತ್ತವೆ. ಸಣ್ಣವಳಿದ್ದಾಗ ನನಗೆ ಎರೆಯುವಾಗ ಅವ್ವ ಮೊದಲು ಕಣ್ಣಿಗೆ ಒದ್ದೆ ಬಟ್ಟೆ ಕೊಟ್ಟು, ಅದನ್ನು ಒತ್ತಿ ಹಿಡಿದಿದ್ದೇನೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ತಂಬಿಗೆ ಎತ್ತುತ್ತಿದ್ದಳು.

ಕಡಲೆ ಹಿಟ್ಟು ತೊಳೆಯುವ ರೀತಿ ಬೇರೆ. ಅದು ಮುಖ್ಯವಾಗಿ ಜಿಡ್ಡನ್ನು ಹೀರಿಕೊಂಡು ತನ್ನೊಡನೆ ಹೊರಗೆ ತರುತ್ತದೆ. ಎಣ್ಣೆ ಹಚ್ಚದ ತಲೆಗೆ, ಮೂರು ದೊಡ್ಡ ಚಮಚ ಹಿಟ್ಟನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕಲಸಿ ಹಚ್ಚಿದರೆ ಕೂದಲು ಸ್ವಚ್ಛವಾಗುವುದರ ಜೊತೆಗೆ ಮೃದುವೂ ಆಗುತ್ತದೆ. ಎಣ್ಣೆ ಸುರಿಯುವ ತಲೆಗೆ ಇದು ಸಾಲದು. ನೀರಿನ ಬಿಸಿಯ ಬಗೆಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಉಗುರುಬೆಚ್ಚಗಿನ ನೀರಿಗಿಂತ ಬಿಸಿಯಾದದ್ದನ್ನು ಸುರಿದರೆ ಹಿಟ್ಟಿನ ಪಿಷ್ಟ ಗಟ್ಟಿಯಾಗಿ, ತಲೆಯ ಮೇಲೆಯೇ ಜುಣಕ ಬೇಯಿಸಿದಂತಾಗುತ್ತದೆ, ಅದನ್ನು ಎಳೆಯೆಳೆಯಾಗಿ ಬಿಡಿಸುವಷ್ಟರಲ್ಲಿ ಉಳಿದ ಕೂದಲೂ ಕೈಗೆ ಬರುತ್ತದೆ. ಉದ್ದ ಕೂದಲಿನವರಿಗಿಂತ ಗಂಡಸರಿಗೆ, ಕತ್ತರಿಸಿದ ಕೂದಲಿನ ಮಕ್ಕಳಿಗೆ ಇದು ಅನುಕೂಲ.

ಅಡಿಗೆ ಸೋಡಾದಿಂದ ತಲೆ ತೊಳೆಯಬಹುದೆಂದು ಹೇಳುವವರಿದ್ದಾರೆ. ನೆತ್ತಿಯ ಚರ್ಮ ಸುಮಾರು 5.5 ಪಿಎಚ್‌ನಷ್ಟು ತುಸು ಆಮ್ಲೀಯವಾಗಿರುತ್ತದೆ, ಸೋಡಾ ಬೆರೆಸಿದ ನೀರು 8ನ್ನು ದಾಟಿ ಕ್ಷಾರವಾಗಿರುತ್ತದೆ. ಕ್ಷಾರದಲ್ಲಿ ಕೂದಲಿನ ಹೊರಪದರಿನ ಹುರುಪೆಗಳು ಎದ್ದು ನಿಲ್ಲುತ್ತವೆ, ಕೂದಲು ಉಬ್ಬಿ ಸಿಕ್ಕುಗಟ್ಟುತ್ತದೆ. ಬೋರಿನ ನೀರಿಗೆ ಸೋಡಾವನ್ನೂ ಸೇರಿಸುವುದು ಗಾಯದ ಮೇಲೆ ಬರೆ ಎಳೆದಂತೆ.

ನುಣುಪಿಗೆ: ಮೆಂತ್ಯ, ಅಗಸಿ, ಮೊಸರು, ತತ್ತಿ

ಈ ನಾಲ್ಕರಲ್ಲಿ ನನ್ನ ಒಲವು ಅಗಸಿಯ ಕಡೆಗಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಗಸಿ ಹಿಂಡಿಗೆ, ಅಂದರೆ ಚಟ್ನಿಪುಡಿಗೆ ಎಂದು ನಮ್ಮ ಭಾಗದ ಮನೆಗಳಲ್ಲಿ ಅದು ಹೇಗೂ ಇರುತ್ತದೆ. ಕಾಲು ಬಟ್ಟಲು ಅಗಸಿಯನ್ನು ಎರಡು ಬಟ್ಟಲು ನೀರಿನಲ್ಲಿ ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದರೆ ಬೀಜದ ಹೊರಪದರಿನಿಂದ ಲೋಳೆ ಬಿಡುತ್ತದೆ. ಚಮಚದಿಂದ ಎಳೆಯಾಗಿ ಇಳಿಯುವಷ್ಟು ದಪ್ಪವಾದಾಗ ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಅದು ಬಟ್ಟೆಯಿಂದ ಇಳಿಯಲೊಲ್ಲದು. ತೊಳೆದ ಒದ್ದೆ ಕೂದಲಿಗೆ ಒಂದು ಚಮಚದಷ್ಟು ಸವರಿಕೊಂಡರೆ ಕೂದಲಿನ ಮೇಲೆ ತೆಳುವಾದ ಪೊರೆಯಾಗಿ ನಿಂತು, ಹಾರುವ ಎಳೆಗಳನ್ನು ಕೂಡಿಸುತ್ತದೆ. ಮತ್ತೆ ತೊಳೆಯುವ ಕೆಲಸವಿಲ್ಲ, ಹೀಗಾಗಿ ನೀರೂ ಉಳಿಯುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಹೊರಗಿಟ್ಟರೆ ಮರುದಿನಕ್ಕೆ ಕೆಡುತ್ತದೆ. ಹೆಚ್ಚು ಹಚ್ಚಿದರೆ ಮಾತ್ರ ಕೂದಲು ಕಡ್ಡಿಯಂತಾಗಿ, ಗಾಳಿ ಬೀಸುವ ದಿನಗಳಲ್ಲಿ ಊರಿನ ಧೂಳನ್ನೆಲ್ಲ ಹಿಡಿದಿಡುತ್ತದೆ.

ಮೆಂತ್ಯದ ಕೆಲಸವೂ ಲೋಳೆಯಿಂದಲೇ. ಎರಡು ದೊಡ್ಡ ಚಮಚ ಕಾಳನ್ನು ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಅರ್ಧ ಗಂಟೆ ಹಚ್ಚಿ ಬಿಟ್ಟು ತೊಳೆದರೆ ಬಾಚಣಿಗೆ ಸರಾಗವಾಗಿ ಇಳಿಯುತ್ತದೆ. ಒರಟಾದ, ಗುಂಗುರು ಕೂದಲಿನವರಿಗೆ ಅಗಸಿಗಿಂತ ಇದು ಹೆಚ್ಚು ಹಿತ ಎನಿಸಬಹುದು. ಆದರೆ ತೊಳೆಯುವುದು ಕಷ್ಟ, ವಾಸನೆ ಎರಡು ದಿನ ಉಳಿಯುತ್ತದೆ, ರುಬ್ಬಿದ್ದನ್ನು ಸೋಸದಿದ್ದರೆ ಸಿಪ್ಪೆಯ ಚೂರುಗಳು ಬುಡದಲ್ಲಿ ನಿಲ್ಲುತ್ತವೆ. ಶೇಂಗಾ ಅಥವಾ ಕಡಲೆ ತಿಂದರೆ ಮೈ ಮೇಲೆ ದದ್ದು ಏಳುವವರು ಮೆಂತ್ಯದಿಂದ ದೂರವಿರುವುದು ಲೇಸು, ಏಕೆಂದರೆ ಇವು ಒಂದೇ ಕುಟುಂಬದ ಕಾಳುಗಳಾಗಿದ್ದು ಒಂದರ ಅಲರ್ಜಿ ಇರುವವರಿಗೆ ಇನ್ನೊಂದೂ ತೊಂದರೆ ಕೊಡುವ ಸಾಧ್ಯತೆಯಿದೆ. ಉಳಿದವರೂ ಹೊಸದಾಗಿ ಹಚ್ಚುವ ಮೊದಲು ಮೊಳಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು.

ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವು ಬೋರಿನ ನೀರಿನ ಕ್ಷಾರವನ್ನು ತುಸು ತಗ್ಗಿಸುತ್ತದೆ, ಅದರ ಕೊಬ್ಬು ಕೂದಲಿಗೆ ಮೆತ್ತಗಿನ ಸ್ಪರ್ಶ ಕೊಡುತ್ತದೆ. ಬೇರೆ ಏನೂ ಸಿದ್ಧತೆ ಬೇಡ ಎಂಬುದೇ ಅದರ ದೊಡ್ಡ ಗುಣ. ಊಟಕ್ಕೆ ಬಾರದಷ್ಟು ಹುಳಿಯಾದ ಮೊಸರು ಇದಕ್ಕೆ ಸಲ್ಲುತ್ತದೆ. ಗಟ್ಟಿ ಮೊಸರನ್ನು ರೊಟ್ಟಿಯ ತಾಟಿನಿಂದ ಎತ್ತಿ ತಲೆಗೆ ಹಚ್ಚುವುದನ್ನು ನನ್ನ ಅತ್ತೆಯವರು ಇಂದಿಗೂ ಒಪ್ಪುವುದಿಲ್ಲ, ಆ ವಿಷಯದಲ್ಲಿ ನಾನು ಅವರ ಪಕ್ಷ.

ತತ್ತಿ ನಮ್ಮಲ್ಲಿ ಅನೇಕರ ಅಡುಗೆಮನೆಗೇ ಬರುವುದಿಲ್ಲ. ಬರುವ ಮನೆಗಳಲ್ಲಿಯೂ ಅದನ್ನು ಬಳಸಬೇಕಾದ ಕಾರಣ ನನಗೆ ಕಾಣುವುದಿಲ್ಲ. ಅದರ ಪ್ರೋಟೀನಿನ ಅಣುಗಳು ಕೂದಲಿನೊಳಗೆ ಹೋಗಲಾರದಷ್ಟು ದೊಡ್ಡವು, ಬಿಸಿನೀರು ಬಿದ್ದರೆ ಬಿಳಿಭಾಗ ಕೂದಲಿನಲ್ಲಿಯೇ ಬೇಯುತ್ತದೆ. ಹಳದಿ ಭಾಗದ ಕೊಬ್ಬು ನುಣುಪು ಕೊಡುವುದು ನಿಜ, ಆದರೆ ಆ ಕೆಲಸವನ್ನು ವಾಸನೆಯಿಲ್ಲದೆ ಮೊಸರು ಮಾಡುತ್ತದೆ. ಅಕ್ಕಿ ತೊಳೆದ ನೀರಿನ ವಿಷಯವೂ ಈಚೆಗೆ ಬಹಳ ಕೇಳಿಬರುತ್ತಿದೆ. ದಿನವೂ ಅನ್ನ ಮಾಡುವ ಮನೆಯಲ್ಲಿ ಅದು ಉಚಿತ, ಜೋಳದ ರೊಟ್ಟಿಯ ಮನೆಯಲ್ಲಿ ಅದಕ್ಕಾಗಿ ಅಕ್ಕಿ ತೊಳೆಯುತ್ತ ಕೂಡುವುದರಲ್ಲಿ ಅರ್ಥವಿಲ್ಲ.

ಲಿಂಬೆಯ ಬಗ್ಗೆ ಬೇರೆಯಾಗಿ

ಇಂಡಿ ತಾಲ್ಲೂಕಿನ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ, ನಮ್ಮ ಜಿಲ್ಲೆಯವರಿಗೆ ಅದರ ಮೇಲೆ ಅಭಿಮಾನವೂ ಇದೆ. ಗಡಸು ನೀರಿನ ಮಡ್ಡಿಯನ್ನು ಬಿಡಿಸಲು ಮನೆಯಲ್ಲಿರುವ ಎಲ್ಲ ಪದಾರ್ಥಗಳಿಗಿಂತ ಲಿಂಬೆ ಹೆಚ್ಚು ಪರಿಣಾಮಕಾರಿ, ಏಕೆಂದರೆ ಅದರ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಎದ್ದ ಹುರುಪೆಗಳು ಮತ್ತೆ ಮಲಗುತ್ತವೆ. ತಲೆ ತೊಳೆದಾದ ಮೇಲೆ, ಒಂದು ಲೀಟರ್ ನದಿ ನೀರಿಗಾದರೆ ಒಂದು ಸಣ್ಣ ಚಮಚ, ಬೋರಿನ ನೀರಿಗಾದರೆ ಎರಡು ಸಣ್ಣ ಚಮಚ ಸೋಸಿದ ರಸ ಬೆರೆಸಿ ಕೂದಲಿನ ಮೇಲೆ ಸುರಿಯಬೇಕು. ಬೋರಿನ ನೀರಿನ ಲವಣಗಳೇ ರಸದ ಒಂದು ಭಾಗವನ್ನು ತಿಂದುಹಾಕುವುದರಿಂದ ಈ ವ್ಯತ್ಯಾಸ. ನಂತರ ಒಂದೆರಡು ತಂಬಿಗೆ ಬರಿಯ ನೀರು, ಸಾಧ್ಯವಾದರೆ ನದಿಯ ನೀರು.

ಆ ಕೊನೆಯ ತಂಬಿಗೆಗಳನ್ನು ಬಿಡಬಾರದೆಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಮೇ ತಿಂಗಳಲ್ಲಿ, ನೀರು ಬೆರೆಸದ ಲಿಂಬೆ ರಸವನ್ನು ನೆತ್ತಿಗೆ ತಿಕ್ಕಿಕೊಂಡು, ಬೇಗ ಒಣಗಲೆಂದು ಮಾಳಿಗೆಯ ಮೇಲೆ ಬಿಸಿಲಿಗೆ ಕುಳಿತೆ. ಮರುದಿನ ಹಣೆ ಮತ್ತು ಕುತ್ತಿಗೆಯ ಮೇಲೆ ರಸ ಹರಿದ ದಾರಿಯುದ್ದಕ್ಕೂ ಕೆಂಪಗೆ ಉರಿ ಎದ್ದಿತು, ಆಮೇಲೆ ಅದು ಕಪ್ಪು ಗೆರೆಗಳಾಗಿ ಹಲವು ವಾರ ಉಳಿಯಿತು. ಲಿಂಬೆಯಲ್ಲಿರುವ ಫ್ಯೂರೊಕುಮರಿನ್ ಎಂಬ ಅಂಶವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ ಎಂದು ವೈದ್ಯರು ವಿವರಿಸಿದರು. 40 ಡಿಗ್ರಿಯನ್ನು ದಾಟುವ ನಮ್ಮ ಬೇಸಿಗೆಯಲ್ಲಿ ಲಿಂಬೆಯ ನೀರನ್ನು ಸಂಜೆಯ ಸ್ನಾನಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಬಿಸಿಲಿನಲ್ಲಿ ಕೆಲಸ ಮಾಡುವವರು ಇದರ ಬದಲು ಮಜ್ಜಿಗೆಯ ತಿಳಿಯನ್ನು ಬಳಸಬಹುದು. ಪರಿಣಾಮ ಕಡಿಮೆ, ಆದರೆ ಈ ಅಪಾಯವಿಲ್ಲ.

ಎಣ್ಣೆಗಳು

ನಮ್ಮ ಎರೆಭೂಮಿಯ ಎಣ್ಣೆ ಎಂದರೆ ಕುಸುಬೆಯದು, ಅಡುಗೆಯ ಎಣ್ಣೆ ಎಂದರೆ ಶೇಂಗಾದ್ದು. ಕೊಬ್ಬರಿ ಎಣ್ಣೆ ಹೊರಗಿನಿಂದ ಕೊಂಡು ತರಬೇಕಾದದ್ದು. ಹೀಗಿದ್ದರೂ ತಲೆಗೆ ಕೊಬ್ಬರಿ ಎಣ್ಣೆಯನ್ನೇ ಆರಿಸಬೇಕೆಂಬುದಕ್ಕೆ ಆಧಾರವಿದೆ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿದ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೊಳೆಯುವಾಗ ಕೂದಲಿನಿಂದ ಆಗುವ ಪ್ರೋಟೀನಿನ ನಷ್ಟವನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಮುಖ್ಯ ಅಂಶವಾದ ಲಾರಿಕ್ ಆಮ್ಲದ ಅಣು ಚಿಕ್ಕದಾಗಿ, ನೇರವಾಗಿ ಇರುವುದರಿಂದ ಕೂದಲಿನೊಳಗೆ ಸೇರುತ್ತದೆ. ಸೂರ್ಯಕಾಂತಿಯಂತೆ ಕುಸುಬೆಯಲ್ಲಿಯೂ ಲಿನೋಲಿಕ್ ಆಮ್ಲವೇ ಹೆಚ್ಚು, ಆದ್ದರಿಂದ ಅದರಿಂದಲೂ ಇದೇ ಕಾಪನ್ನು ನಿರೀಕ್ಷಿಸುವಂತಿಲ್ಲ. ಕುಸುಬೆ ಎಣ್ಣೆಗೆ ಇನ್ನೊಂದು ಸ್ವಭಾವವಿದೆ. ಗಾಳಿಗೆ ತೆಳುವಾಗಿ ಹರಡಿದಾಗ ಅದು ನಿಧಾನವಾಗಿ ಅಂಟಾಗಿ ಗಟ್ಟಿಯಾಗುತ್ತದೆ, ಬಣ್ಣಗಳ ತಯಾರಿಕೆಗೆ ಅದನ್ನು ಬಳಸುವುದೂ ಇದೇ ಗುಣಕ್ಕಾಗಿ. ಮೂರು ನಾಲ್ಕು ದಿನ ತಲೆಯಲ್ಲಿ ಬಿಟ್ಟರೆ ಕೂದಲು ಜಿಗುಟಾಗುವುದು ಇದರಿಂದಲೇ. ಮನೆಯಲ್ಲಿ ಅದೊಂದೇ ಇದ್ದರೆ ತೊಳೆಯುವ ಒಂದು ಗಂಟೆ ಮೊದಲು ಹಚ್ಚಿ ಅಂದೇ ತೆಗೆಯಿರಿ.

ಔಡಲೆಣ್ಣೆ ತಂಪು ಎಂಬ ನಂಬಿಕೆಯಿಂದ ಬೇಸಿಗೆಯಲ್ಲಿ ನೆತ್ತಿಗೆ ಒತ್ತುವ ರೂಢಿ ಇದೆ. ನೆತ್ತಿಯ ಮೇಲೆ ನಾಲ್ಕು ಹನಿ ಒತ್ತಿದರೆ ತೊಂದರೆಯೇನಿಲ್ಲ. ಉದ್ದ ಕೂದಲಿಗೆಲ್ಲ ಹಚ್ಚಿದರೆ ಅದರ ದಪ್ಪ ಜಿಗುಟಿನಿಂದ ತೊಳೆಯುವಾಗ ಕೂದಲು ಬಿಡಿಸಲಾರದಂತೆ ಗಂಟುಬಿದ್ದು, ಕೊನೆಗೆ ಕತ್ತರಿಸಬೇಕಾಗಿ ಬಂದ ಪ್ರಕರಣ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿಯಾಗಿದೆ. ಬೇಕೇ ಬೇಕೆಂದರೆ ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿಕೊಳ್ಳಬಹುದು.

ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಒತ್ತುವುದನ್ನು ನಿಲ್ಲಿಸಬೇಕು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ, ನಾವು ಹಚ್ಚಿದ ಎಣ್ಣೆ ಅದಕ್ಕೆ ಊಟವಾಗುತ್ತದೆ. ಹೊಟ್ಟಿನ ವಿಷಯದಲ್ಲಿ ಔಷಧದ ಅಂಗಡಿಯ ಕೀಟೊಕೊನಜೋಲ್ ಶಾಂಪೂ ಅಡುಗೆಮನೆಯ ಯಾವ ಪದಾರ್ಥಕ್ಕಿಂತಲೂ ಮೇಲು.

ಕೂದಲು ಉದುರುವವರು ಉಳ್ಳಾಗಡ್ಡಿಯ ರಸದ ಬಗ್ಗೆ ಕೇಳುತ್ತಾರೆ. ಬಾಗ್ದಾದಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಎರಡು ಸಲ ಈ ರಸ ಹಚ್ಚಿದ 23 ಮಂದಿಯಲ್ಲಿ 20 ಮಂದಿಗೆ ಆರು ವಾರಗಳಲ್ಲಿ ಕೂದಲು ಮರಳಿತ್ತು. ಆದರೆ ಅವರೆಲ್ಲರೂ ನಾಣ್ಯದ ಗಾತ್ರದಲ್ಲಿ ಬೋಳಾಗುವ ಬೇರೆಯೇ ತೊಂದರೆಯವರು, ಅದು ಅನೇಕರಲ್ಲಿ ತಾನಾಗಿಯೇ ಗುಣವಾಗುವಂಥದ್ದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಹೆಚ್ಚಾಗಿ ಉದುರುವುದೂ ಸಾಮಾನ್ಯ. ಇವೆರಡನ್ನೂ ಮೀರಿ ಉದುರುತ್ತಿದ್ದರೆ ರಕ್ತದ ಕಬ್ಬಿಣಾಂಶವನ್ನು ಪರೀಕ್ಷೆ ಮಾಡಿಸುವುದು ಉಳ್ಳಾಗಡ್ಡಿ ಹೆಚ್ಚುವುದಕ್ಕಿಂತ ಮೊದಲಿನ ಕೆಲಸ. ಹೇನಿಗೆಂದು ಸೀತಾಫಲದ ಬೀಜವನ್ನು ಅರೆದು ಹಚ್ಚುವುದನ್ನಂತೂ ಯಾರೂ ಮಾಡಬಾರದು. ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರಿಗೆ ತೀವ್ರ ಗಾಯವಾಗುತ್ತದೆ.

ಖರ್ಚಿನ ಲೆಕ್ಕ

ಮನೆಯದೆಂದರೆ ಅಗ್ಗ ಎಂಬ ಮಾತು ಪೂರ್ತಿ ನಿಜವಲ್ಲ. ಮೆಂತ್ಯ ಒಂದು ಸಲಕ್ಕೆ ಸುಮಾರು 20 ಗ್ರಾಂ ಬೇಕು, ಅಂದರೆ ಒಂದು ಕಿಲೋ 50 ಸಲಕ್ಕೆ ಬರುತ್ತದೆ. ಕಡಲೆ ಹಿಟ್ಟು ಒಂದು ಸಲಕ್ಕೆ 25ರಿಂದ 30 ಗ್ರಾಂ, ಕಿಲೋ 33ರಿಂದ 40 ಸಲಕ್ಕೆ. ಕೊಬ್ಬರಿ ಎಣ್ಣೆ ಎರಡು ಸಣ್ಣ ಚಮಚದ ಲೆಕ್ಕದಲ್ಲಿ ಅರ್ಧ ಲೀಟರು 50 ಸಲ. ಗಾಂಧಿ ಚೌಕದ ಸುತ್ತಲಿನ ಕಿರಾಣಿ ಅಂಗಡಿಯ ಆ ವಾರದ ದರವನ್ನು ಈ ಸಂಖ್ಯೆಗಳಿಂದ ಭಾಗಿಸಿದರೆ ಪ್ರತಿ ಸಲದ ಖರ್ಚು ಸಿಗುತ್ತದೆ. ಅದನ್ನು ಒಂದೆರಡು ರೂಪಾಯಿಯ ಶಾಂಪೂ ಪಾಕೀಟಿನ ಪಕ್ಕದಲ್ಲಿಟ್ಟು ನೋಡಿರಿ. ಅಗಸಿ ಮತ್ತು ಹುಳಿ ಮಜ್ಜಿಗೆ ಗೆಲ್ಲುತ್ತವೆ, ಸೀಗೆಕಾಯಿ ಸರಿಸಮವಾಗಿ ನಿಲ್ಲುತ್ತದೆ, ಕಡಲೆ ಹಿಟ್ಟು ಮತ್ತು ತತ್ತಿ ಸೋಲುತ್ತವೆ.

ಇದರ ಮೇಲೆ ನೀರಿನ ಲೆಕ್ಕವೂ ಇದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಸೊಂಟದವರೆಗಿನ ನನ್ನ ಮಗಳ ಕೂದಲನ್ನು ಶಾಂಪೂದಿಂದ ತೊಳೆಯಲು ಒಂದು ಬಕೀಟು ಸಾಕಾದರೆ, ಸೋಸಿದ ಸೀಗೆಕಾಯಿಗೆ ಒಂದೂವರೆ, ಕಡಲೆ ಹಿಟ್ಟಿಗೆ ಎರಡು, ಮೆಂತ್ಯಕ್ಕೆ ಮೂರು ಬಕೀಟು ಬೇಕಾಗುತ್ತದೆ. ಮಳೆಗಾಲದಲ್ಲಿ, ನಳ ಸರಿಯಾಗಿ ಬರುವಾಗ, ಮೆಂತ್ಯವನ್ನು ಸಂತೋಷವಾಗಿ ರುಬ್ಬುತ್ತೇವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಟ್ಯಾಂಕರಿಗೆ ಹಣ ಕೊಟ್ಟು ನೀರು ತರಿಸುವ ವಾರಗಳಲ್ಲಿ, ನಮ್ಮ ಮನೆಯಲ್ಲಿಯೂ ಶಾಂಪೂ ಪಾಕೀಟೇ ಹರಿಯುತ್ತದೆ, ಅದರ ಮೇಲೆ ಒಂದು ಚಮಚ ಅಗಸಿಯ ಲೋಳೆ.